ತೋಳದ ಹಿಕ್ಕೆ ಆರಿಸುತ್ತಿದ್ದವರು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಬಾದಾಮಿಯ ದವಾಖಾನೆಯಲ್ಲಿ, ಕುರಿ ಕಾಯುವ ನನ್ನಪ್ಪನ ಲಿವರಿನಲ್ಲಿದ್ದದ್ದು ಕೀವಿನ ಗುಳ್ಳೆಯೆಂದುಕೊಂಡು, ಅದಕ್ಕೆ ಸೂಜಿ ಚುಚ್ಚಿ ಕೀವು ತೆಗೆಯಲು ಡಾಕ್ಟರು ಸಿದ್ಧರಾಗಿದ್ದರು. ಆಗಲೇ ನಮ್ಮೂರಲ್ಲಿ ತೋಳಗಳ ಅಧ್ಯಯನ ಮಾಡುತ್ತಿದ್ದ ಸಂಶೋಧಕಿಯ ಫೋನು ಬಂತು; ಸೂಜಿಯ ವಿಷಯ ಅವರಿಗೆ ನಾನೇ ತಿಳಿಸಿದ್ದೆ.

ಅವರು ನಮ್ಮ ಗುಡ್ಡದಲ್ಲಿ ತೋಳದ ಹಿಕ್ಕೆ, ಹಟ್ಟಿಯಲ್ಲಿ ನಾಯಿಯ ಹೇಲು ಆರಿಸುತ್ತಿದ್ದರು. "ಅಕ್ಕಾರ, ಬಂಗಾರ ಆರಿಸಿದಂಗ ಆರಸ್ತೀರಲ್ರಿ," ಎಂದು ಅಪ್ಪ ಕಾಡಿದರೆ, ಡಬ್ಬಿಯನ್ನು ಎರಡೆರಡು ಸಲ ಬಿಗಿದು, "ತಡೀರಿ, ಹುಳದ ಹೆಸರು ಗೊತ್ತಾಗ್ಲಿ," ಎನ್ನುತ್ತಿದ್ದರು. ಹಿಕ್ಕೆಯಲ್ಲಿರುವ ಹುಳದ ಮೊಟ್ಟೆಗಳೆಲ್ಲ ನೋಡಲು ಒಂದೇ ಥರ. ಡಿಎನ್‌ಎ ಮಾತ್ರ ಹೆಸರು ಹೇಳುತ್ತದೆ.

"ಹೆಸರು ಸಿಕ್ತು. ತ್ವಾಳದ ಹುಳಾನ ನಿಮ್ಮ ನಾಯಿಗೂ ಐತಿ. ಅದರ ಮೊಟ್ಟಿ ಮನಷಾರ ಹೊಟ್ಟ್ಯಾಗ ಹೋದ್ರ ಲಿವರಿನ್ಯಾಗ ನೀರಿನ ಗುಳ್ಳಿ ಆಗ್ತೈತಿ, ಅಪ್ಪಾರ್ದೂ ಅದ ಇರಬಹುದು. ಸೂಜಿ ತಾಗಿ ಗುಳ್ಳಿ ಒಡದ್ರ ಜೀವಕ್ಕ ಅಪಾಯ. ತಡೀರಿ ಅನ್ರಿ."

ನಾನು ಡಾಕ್ಟರ ಕೈಯನ್ನೇ ಹಿಡಿದುಬಿಟ್ಟೆ.

ಗುಳ್ಳೆ ಒಡೆಯದಂತೆ ಆಪರೇಷನ್ ಆಗಿ ಅಪ್ಪ ಉಳಿದ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಆ ಸೂಜಿ ಕಾಣುತ್ತಿತ್ತು. ಮುಂದೊಮ್ಮೆ ಕುರಿ ಕೊಯ್ದಾಗ ಗುಳ್ಳೆಯಿದ್ದ ಲಿವರಿಗೆ ನಾಯಿ ಎಂದಿನಂತೆ ಹಾರಿತು. "ತಡಿ ಲೇ, ಇದನ್ನ ತಿಂದ ನಿನಗ ಹುಳಾ ಆಗಿದ್ದು," ಎಂದು ಅಪ್ಪ ಆ ಲಿವರನ್ನು ಆಳವಾಗಿ ಹೂತ. ಅಂದು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.