ಕೊನೆಯ ಕಂತಿನ ಮಾದಲಿ

ಮೊನ್ನೆ ಬ್ಯಾಟರಿ ಬದಲಿಸಲೆಂದು ಟೀವಿ ರಿಮೋಟಿನ ಪ್ಲಾಸ್ಟಿಕ್ ಕವರು ಬಿಚ್ಚಿದೆ. ಒಳಗಿನಿಂದ ಶೇಂಗಾ ಚಟ್ನಿಯ ವಾಸನೆ ಎದ್ದಿತು, ಬಳ್ಳೊಳ್ಳಿಯದು ಎಲ್ಲಕ್ಕೂ ಮುಂದೆ. ಮತ್ತೊಮ್ಮೆ ಮೂಸಿದೆ. ನಗಬೇಡಿ. ತೀರಿಕೊಂಡವರ ಸೀರೆ, ಕನ್ನಡಕ ಇಟ್ಟುಕೊಂಡು ಅಳುವವರಿರುತ್ತಾರೆ. ನಮ್ಮ ಅತ್ತೆಯವರು ನನ್ನ ಪಾಲಿಗೆ ಬಿಟ್ಟುಹೋದದ್ದು ಈ ರಿಮೋಟು. ರೊಟ್ಟಿ ಮುರಿದ ಕೈಯಿಂದಲೇ ಗುಂಡಿ ಒತ್ತುತ್ತಿದ್ದರು. ಹಿಂದಕ್ಕೆ ಹೋಗುವ ಗುಂಡಿ ಪೂರ್ತಿ ಸವೆದಿದೆ.

ಹಿಂದಕ್ಕೆ ಹೋಗಿ ಹೋಗಿ ಅವರು ನೋಡುತ್ತಿದ್ದದ್ದು ಹಾರುವ, ಗುದ್ದುವ, ಊರುಗಳನ್ನು ಉಳಿಸುವ ಶೂರರ ಸಿನಿಮಾಗಳನ್ನು. ಇಳಕಲ್ಲಿನಲ್ಲಿ ಅವರ ವಯಸ್ಸಿನವರೆಲ್ಲ ಸಂಜೆ ಧಾರಾವಾಹಿ ನೋಡುತ್ತಿದ್ದರೆ ಇವರು ಒಂದು ದಿನ ಚಾನೆಲ್ಲು ಬದಲಿಸಿಬಿಟ್ಟರು. "ಅಳೋ ಸೊಸಿ ನಮ್ಮ ಮನ್ಯಾಗಿಲ್ಲ, ಟೀವ್ಯಾಗ ಯಾಕ ಬೇಕು?" ಎಂದರು. ನನ್ನನ್ನು ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ.

ಈ ಸಿನಿಮಾಗಳ ದೊಡ್ಡ ತೊಂದರೆ ನಿಮಗೂ ಗೊತ್ತಿರಬಹುದು. ಒಂದು ತಿಳಿಯಬೇಕಾದರೆ ಹಿಂದಿನ ರಾಶಿಯನ್ನೆಲ್ಲ ನೋಡಿರಬೇಕು. ಈಗೀಗಂತೂ ಸಿನಿಮಾ ಸಾಲದೆಂದು ನಡುವೆ ಕಂತು ಕಂತಾಗಿ ಬೇರೆ ಬರುತ್ತವೆ. ಓದಿದ ಹುಡುಗರೇ ಕೈಚೆಲ್ಲುತ್ತಾರೆ. ಅತ್ತೆಯವರಿಗೆ ಇದು ಲೆಕ್ಕಕ್ಕೇ ಇರಲಿಲ್ಲ. ಹುನಗುಂದ ತಾಲೂಕಿನಲ್ಲಿ ಯಾರ ಮಗಳನ್ನು ಯಾರ ಮನೆಗೆ ಕೊಟ್ಟಿದ್ದಾರೆಂದು ಬಾಯಿಪಾಠ ಹೇಳುವವರಿಗೆ ಈ ಮುಸುಕಿನವರ ಸಂಬಂಧ ಯಾವ ದೊಡ್ಡದು? ಒಂದು ಕಂಪನಿಯ ಶೂರ ಇನ್ನೊಂದು ಕಂಪನಿಯವನ ಸಿನಿಮಾದಲ್ಲಿ ಯಾಕೆ ಬರುವುದಿಲ್ಲ ಎಂದು ನಾನು ಕೇಳಿದಾಗ, "ಅವರಿಗೂ ಇವರಿಗೂ ಬೀಗತನ ಇಲ್ಲ" ಎಂದು ಮುಗಿಸಿದ್ದರು.

ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಅವರ ಬಟ್ಟೆಯೇ ಗುರುತು. ಬೆನ್ನಿಗೆ ಉದ್ದನೆಯ ಬಟ್ಟೆ ಇಳಿಬಿಟ್ಟವರ ಮೇಲೆ ವಿಶೇಷ ಸಿಟ್ಟು. "ದಡಿ ಇಲ್ಲ, ಸೆರಗಿಲ್ಲ, ಬರೇ ಜೋತು ಬಿಟ್ಟಾನ. ಮೋಟರ್ ಸೈಕಲ್ ಗಾಲ್ಯಾಗ ಸಿಕ್ರ ತಿಳೀತೈತಿ." ಒಮ್ಮೆ ಬಾದಾಮಿಯ ಗುಹೆಗೆ ಹೋದಾಗ ಹದಿನೆಂಟು ಕೈಯ ನಟರಾಜನ ಮುಂದೆ ಕೈಮುಗಿದು ನಿಂತವರು ನನ್ನ ಕಡೆ ಬಾಗಿ, "ನೋಡವಾ, ಹದಿನೆಂಟು ಕೈ ಅದಾವ. ಬೆನ್ನಿಗೆ ಚಾದರ ಕಟ್ಕೊಂಡಾನೇನು?" ಎಂದು ಪಿಸುಗುಟ್ಟಿದರು. ಗೈಡು ತಿರುಗಿ ನೋಡಿದ. ನಾನು ಕಂಬದ ಹಿಂದೆ ಸರಿದು ನಕ್ಕೆ.

ಕನ್ನಡಕ್ಕೆ ಡಬ್ ಆದದ್ದನ್ನೇ ನೋಡುತ್ತಿದ್ದೆವು. ಅದರಲ್ಲಿ ಖಳನಾಯಕರೆಲ್ಲ ಪಾಠದ ಪುಸ್ತಕದ ಕನ್ನಡ ಮಾತಾಡುತ್ತಾರೆ. "ಇಷ್ಟ್ ಶುದ್ಧ ಮಾತಾಡ್ತಾನ, ಸಾಲಿ ಮಾಸ್ತರ ಇದ್ದಾನು ಪಾಪ" ಎಂದು ಅವನ ಕಡೆ ವಾಲುತ್ತಿದ್ದರು. ಹೊಸ ಸಿನಿಮಾಗಳಲ್ಲಿ ಹೊಡೆದಾಟವೆಲ್ಲ ಕತ್ತಲಲ್ಲಿ ನಡೆದರೆ "ಅಲ್ಲೂ ಕರೆಂಟ್ ತಗದಾರ" ಎನ್ನುತ್ತಿದ್ದರು. ಊರು ಉಳಿಸುವ ಭರದಲ್ಲಿ ಅರ್ಧ ಊರು ಉರುಳಿದರೆ "ಈ ಕಸಾನೆಲ್ಲಾ ಯಾರ ಉಡಗಬೇಕು?" ಎಂಬುದು ಕಾಯಂ ಪ್ರಶ್ನೆ. ಒಬ್ಬನೇ ಶೂರ ಬೇರೆ ಬೇರೆ ಲೋಕಗಳಿಂದ ಮೂರು ಮೂರು ರೂಪದಲ್ಲಿ ಬರುವ ಕಥೆಗಳು ಶುರುವಾದಾಗ ನನ್ನ ಮುಖ ನೋಡಿ ಕೇಳಿದರು: "ಏ ಹುಡುಗಿ, ನಿನ್ನ ಗಂಡ ಹಿಂಗ ಮೂರು ಮಂದಿ ಬಂದ್ ಕುಂತ್ರ ಏನ್ ಮಾಡ್ತಿ?"

"ಮೂವರನ್ನೂ ನಿಮ್ಮ ಕಡೆನ ಕಳಿಸ್ತೇನ್ರಿ ಅತ್ತಿ."

"ಒಬ್ಬನ್ನ ಹಡದದ್ದ ಸಾಕಾಗೈತಿ ನನಗ."

ಕಳೆದ ವರ್ಷ ಒಂದು ಸರಣಿ ಹಿಡಿದಿದ್ದೆವು. ಅದರಲ್ಲಿ ಅತ್ತೆಯವರು 'ನೀಲಿ ಅಂಗಿ' ಎಂದು ಕರೆಯುತ್ತಿದ್ದ ಹುಡುಗ ಕೊನೆಗಿಂತ ಒಂದು ಕಂತು ಮುಂಚೆ ಸತ್ತ. ಅವನ ತಾಯಿ ಮಣ್ಣಿನ ಮೇಲೆ ಕೈಯೂರಿ ಅತ್ತಳು. ನಾನು ಕಣ್ಣು ಕೂಡ ಒರೆಸಲಿಲ್ಲ. "ಬರ್ತಾನ್ರಿ ಅತ್ತಿ, ಇದರಾಗ ಯಾರೂ ಸಾಯಂಗಿಲ್ಲ" ಎಂದೆ.

"ಬರಂಗಿಲ್ಲ. ಅವ್ವ ಅತ್ತಾಳ, ಮಂದಿ ಮಣ್ಣು ಕೊಟ್ಟಾರ. ಬಂದ್ರ ಆ ಹೆಣ್ಮಗಳು ಅತ್ತದ್ದಕ್ಕ ಕಿಮ್ಮತ್ತೇನು?"

ಪಂಥ ಬಿತ್ತು. ಸೋತವರು ಮಾದಲಿ ಮಾಡಬೇಕು. ಗೋಧಿ, ಬೆಲ್ಲ, ಯಾಲಕ್ಕಿಯ ಈ ಸಿಹಿ ಬೆರಳ ಸಂದಿಯಲ್ಲಿ ಉದುರಬೇಕು, ನನ್ನದು ಉಂಡೆಗಟ್ಟುತ್ತದೆ. "ನೀ ಸೋತರ ಮಾತ್ರ ಹಾಲು ಜಾಸ್ತಿ ತರಸು. ನಿನ್ನ ಮಾದಲಿ ನೆನೀಲಿಕ್ಕೆ ಭಾಳ ಹೊತ್ತು ಹಿಡೀತೈತಿ" ಎಂದರು.

ಕೊನೆಯ ಕಂತು ಬರುವ ವಾರವೇ ಅವರನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದೆವು. ಉಸಿರಿನ ತ್ರಾಸು. ಮೂಗಿಗೆ ಹಾಕಿದ್ದ ನಳಿಕೆಯನ್ನು ಸರಿಸಿ ಕೇಳಿದರು: "ನೋಡಿದಿಯೇನು?"

"ಇಲ್ರಿ. ನೀವು ಬರ್ರಿ, ಕೂಡಿ ನೋಡೂಣು."

"ಹೂಂ. ನನ್ನ ಬಿಟ್ಟು ನೋಡಬ್ಯಾಡ."

ಅವರು ಬರಲಿಲ್ಲ. ನಾವೂ ಮಣ್ಣು ಕೊಟ್ಟು ಬಂದೆವು.

ಆಮೇಲೆ ಆ ಕಂತನ್ನು ನಾನು ಮುಟ್ಟಲಿಲ್ಲ. ಓಣಿಯಲ್ಲಿ ಯಾರಾದರೂ ಅದರ ಮಾತು ತೆಗೆದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ದುಃಖ ಇನ್ನೂ ಆರಿಲ್ಲ ಎಂದುಕೊಂಡರು ಜನ. ನಿಜವೂ ಹೌದು. ಆದರೆ ಸಣ್ಣ ಕಾರಣವೊಂದಿತ್ತು. ನಾನು ಗೆದ್ದುಬಿಟ್ಟರೆ ಯಾರ ಮುಂದೆ ಹೇಳಲಿ?

ಮೊನ್ನೆ ಹೊಸ ಬ್ಯಾಟರಿ ಹಾಕಿದವಳು ರಿಮೋಟು ನಡೆಯುತ್ತದೋ ಇಲ್ಲವೋ ನೋಡೋಣವೆಂದು ಒತ್ತಿದೆ. ಟೀವಿ ನಾವು ಬಿಟ್ಟಿದ್ದ ಜಾಗಕ್ಕೇ ಕರೆದೊಯ್ದಿತು. ಬಂದ್ ಮಾಡಲು ಮನಸ್ಸಾಗಲಿಲ್ಲ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನೋಡಿದೆ.

ನೀಲಿ ಅಂಗಿ ಬಂದ. ಬಾಗಿಲಲ್ಲಿ ನಿಂತು ನಕ್ಕ. ಸುಳ್ಳು ಯಾಕೆ ಹೇಳಲಿ, ಗೆದ್ದೆನೆಂದು ಒಂದು ಗಳಿಗೆ ಹಿಗ್ಗಿದೆ. "ಬಂದಾ ನೋಡ್ರಿ ಅತ್ತಿ!" ಎಂದು ಕುರ್ಚಿಯ ಕಡೆ ತಿರುಗಿಯೂ ಬಿಟ್ಟೆ. ಕುರ್ಚಿಯ ಮೇಲೆ ಮಡಚದ ಬಟ್ಟೆಗಳಿದ್ದವು.

ಮತ್ತೆ ಟೀವಿಗೆ ತಿರುಗಿದರೆ ಅವನು ಏನೋ ಜೋಕು ಹೇಳುತ್ತಿದ್ದ. ತಾಯಿಯೂ ನಗುತ್ತಿದ್ದಳು. ಎಲ್ಲಿದ್ದೆ, ಹೇಗೆ ಬಂದೆ ಎಂದು ಯಾರೂ ಕೇಳಲಿಲ್ಲ. ನೆರೆಮನೆಗೆ ಹೋಗಿ ಮಜ್ಜಿಗೆ ತಂದವನ ಹಾಗೆ ಒಳಗೆ ಬಂದು ಕೂತ. ನನಗೆ ಎಲ್ಲಿತ್ತೋ ಸಿಟ್ಟು.

"ಹಿಂಗ ಬರೂದಿದ್ರ ಆ ಹೆಣ್ಮಗಳ್ನ ಯಾಕ ಅಳಿಸಿದ್ಯೋ? ಆಕಿ ಅತ್ತದ್ದಕ್ಕ ಕಿಮ್ಮತ್ತಿಲ್ಲೇನು?"

ಒಳಗಿನಿಂದ ನಮ್ಮ ಯಜಮಾನರು ಬಂದರು. "ಯಾರ ಕೂಡ ಜಗಳಾ ತಗದಿ? ನಮ್ಮವ್ವನ ಕೂಡ ಏನು?"

"ನಿಮ್ಮವ್ವನ ಕೂಡ ಅಲ್ರಿ. ನಿಮ್ಮವ್ವನ ಕಡೆಯಿಂದ."

ಅವರು ಬಟ್ಟೆ ಸರಿಸಿ ಆ ಕುರ್ಚಿಯ ಮೇಲೆ ಕೂತರು. ಅತ್ತೆಯವರು ಹೋದಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ. ಕಂತು ಮುಗಿದು ತೆರೆಯ ಮೇಲೆ ಹೆಸರುಗಳೆಲ್ಲ ಮುಗಿಯುವ ತನಕ ಇಬ್ಬರೂ ನೋಡಿದೆವು.

ಇವತ್ತು ಮಾದಲಿ ಮಾಡಿದ್ದೇನೆ. ಯಜಮಾನರು ಮೇಲಿಂದ ಮೇಲೆ ಹಾಲು ಸುರಿದುಕೊಳ್ಳುತ್ತಿದ್ದಾರೆ; ಅಂದರೆ ಉಂಡೆಗಟ್ಟಿದೆ. "ಅವ ಬಂದ ಅಂದ್ರ ಗೆದ್ದಾಕಿ ನೀನಲ್ಲ? ನೀ ಯಾಕ ಮಾಡಿದಿ?" ಎಂದು ಕೇಳಿದರು.

"ನಾ ಸೋತೇನ್ರಿ" ಎಂದೆ.

ಕೈ ತೊಳೆಯದೆ ರಿಮೋಟು ಎತ್ತಿಕೊಂಡೆ. ಮುಂದಿನ ಸರಣಿ ಬಂದಿದೆಯಂತೆ, ಇದಕ್ಕಿಂತ ಕೆಟ್ಟದ್ದಂತೆ. ನೋಡಿ ಬೈಯುವವರು ಮನೆಯಲ್ಲಿ ಯಾರಾದರೂ ಬೇಕಲ್ಲ. ಬಳ್ಳೊಳ್ಳಿ ವಾಸನೆಯ ಮೇಲೆ ಈಗ ಒಂದಿಷ್ಟು ಯಾಲಕ್ಕಿಯದೂ ಕೂತಿದೆ.