ಸಹಿ ಹಾಕದ ಒಬ್ಬರು

ನನ್ನ ಯಜಮಾನರು ಕೆಲಸಕ್ಕೆ ಸೇರಿದ್ದೂ ನಿವೃತ್ತರಾದದ್ದೂ ಒಂದೇ ಕಂಪನಿಯಲ್ಲಿ. ಹ್ಯೂಸ್ಟನ್ನಿನ ಪೂರ್ವದಂಚಿನಲ್ಲಿದ್ದ ಒಂದು ರಿಫೈನರಿ. ಕಚ್ಚಾ ಎಣ್ಣೆ ಹಡಗಿನಲ್ಲಿ ಬರುತ್ತಿತ್ತು, ಪೆಟ್ರೋಲಾಗಿ ಹೊರಗೆ ಹೋಗುತ್ತಿತ್ತು. ಅವರು ಅಲ್ಲಿ ಎಂಜಿನಿಯರ್. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೆ. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು, ಗಂಟೆ ಹೊಡೆದರೆ ದೀಪ ಆರಿಸಿ ಬೆಳೆದವಳಿಗೆ ಲ್ಯಾಬಿನ ಶಿಸ್ತು ಕಷ್ಟವೆನಿಸಲಿಲ್ಲ. ಮನೆಯನ್ನೂ ಹಾಗೆಯೇ ನಡೆಸಿದೆ.

ಗಾಳಿ ನಮ್ಮ ಕಡೆ ತಿರುಗಿದ ದಿನ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ನಾನು ಸೆರಗು ಮೂಗಿಗೆ ಹಿಡಿದು ಒಣಗಿದ ಬಟ್ಟೆ ತೆಗೆಯುವಾಗ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ, “ಅದು ಸಂಬಳದ ವಾಸನೆ ಮೇಡಮ್, ಎಳೆದುಕೊಳ್ಳಿ” ಎಂದು ನಗುತ್ತಿದ್ದ. ನಮ್ಮ ಸಂಬಳವೂ ಅಲ್ಲಿಂದಲೇ ಬರುತ್ತಿತ್ತು. ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಉಬ್ಬಸ ಅವರ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಡಾಕ್ಟರು, ಈ ಊರಿನ ಗಾಳಿ ಬಿಡಿ ಎಂದರು. ನಮ್ಮ ಮಗಳ ಸಂಸಾರ ಡಾಲಸ್‌ನ ಉತ್ತರಕ್ಕೆ ಫ್ಲವರ್ ಮೌಂಡ್‌ನಲ್ಲಿತ್ತು. ನಾವು ಅದರ ಪಕ್ಕದ ಲೂಯಿಸ್‌ವಿಲ್‌ನಲ್ಲಿ, ಕೆರೆಗೆ ಹತ್ತಿರ, ಒಂದು ಸಣ್ಣ ಮನೆ ಕೊಂಡೆವು. ಸುತ್ತ ಎಲ್ಲಿಯೂ ಚಿಮಣಿ ಇರಲಿಲ್ಲ. ಗಾಳಿ ಬದಲಾಯಿತು, ಇನ್ನು ಎದೆ ತಾನಾಗಿ ಸರಿಹೋಗುತ್ತದೆ ಎಂದು ನಂಬಿದ್ದೆವು.

ಮೊದಲ ಬೇಸಿಗೆಯೇ ನಂಬಿಕೆ ಕಳೆಯಿತು. ಹೆದ್ದಾರಿಯ ಮೇಲೆ ತೂಗುಬಿಟ್ಟ ಫಲಕಗಳಲ್ಲಿ, ಇವತ್ತು ಓಝೋನ್ ಹೆಚ್ಚು, ಕಾರು ಹಂಚಿಕೊಂಡು ಹೋಗಿ ಎಂಬ ಅಕ್ಷರಗಳು ಹೊತ್ತಿಕೊಳ್ಳುತ್ತಿದ್ದವು. ಅದರ ಕೆಳಗೆ ಒಂದೊಂದು ದೊಡ್ಡ ಗಾಡಿಯಲ್ಲಿ ಒಬ್ಬೊಬ್ಬರೇ ಕೂತು ಸಾಗುತ್ತಿದ್ದರು. ಹೊಸ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು: ವಾಹನಗಳ ಹೊಗೆ, ಮೇಲೆ ಸೂರ್ಯ, ನಡುವೆ ನಮ್ಮ ಉಸಿರು. ಹೊಗೆಗೆ ಬಿಸಿಲು ತಾಗಿದರೆ ಎದೆ ಸುಡುವ ಓಝೋನ್ ಆಗುತ್ತದೆ, ಚಿಮಣಿಯೇ ಬೇಕಾಗಿಲ್ಲ ಎಂದರು. ಯಜಮಾನರು ಆ ಚಿತ್ರವನ್ನು ಬಹಳ ಹೊತ್ತು ನೋಡಿ ಮಡಿಸಿ ವಾಪಸು ಕೊಟ್ಟರು.

ಅಂದಿನಿಂದ ನಾನು ಮನೆಯ ವೇಳಾಪಟ್ಟಿ ಬದಲಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ರೇಡಿಯೊ ಹಚ್ಚಿ, ಗಾಳಿ ಎಷ್ಟು ಕೆಟ್ಟಿದೆ ಎಂದು ತಿಳಿಸುವ ಆ ದಿನದ ಬಣ್ಣ ಕೇಳುವುದು. ಹಸಿರಾದರೆ ಕೆರೆಯ ದಂಡೆಯವರೆಗೆ ನಡಿಗೆ, ಹಳದಿಯಾದರೆ ಬೀದಿಯ ತಿರುವಿನವರೆಗೆ, ಕಿತ್ತಳೆಯೋ ಕೆಂಪೋ ಆದರೆ ಬಾಗಿಲು ತೆಗೆಯುವಂತಿಲ್ಲ. ಅವರಿಗೆ ಜೀವಮಾನವೆಲ್ಲ ಸಂಜೆ ನಡೆದು ರೂಢಿ. ಈಗ ಸಂಜೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

“ಇವತ್ತ ನಿನ್ನ ಸಿಗ್ನಲ್ ಯಾವ ಬಣ್ಣ?” ಎಂದು ಕೇಳುವರು.

“ಕಿತ್ತಳಿ.”

“ಪೊಲೀಸಪ್ಪಗ ಲಂಚ ಕೊಟ್ರ ಬಿಡ್ತಾನೇನು?”

“ಪೊಲೀಸಪ್ಪ ಅಲ್ರಿ, ಪೊಲೀಸವ್ವ. ಲಂಚ ತೊಗೊಳ್ಳೂದಿಲ್ಲ. ಸುಮ್ಮನ ಕೂಡ್ರಿ.”

ವರ್ಷ ವರ್ಷಕ್ಕೆ ಹಸಿರು ದಿನಗಳಲ್ಲೂ ಕೆರೆ ದೂರವಾಗುತ್ತ ಹೋಯಿತು.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಆಸ್ಟಿನ್‌ನಲ್ಲಿ ಓದುತ್ತಿದ್ದ ನಮ್ಮವರ ಪೈಕಿ ಒಬ್ಬ ಹುಡುಗಿ ಮನೆಗೆ ಬಂದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು. ಹೊಸ ಗಾಡಿಗಳು ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಈಗಿನದಕ್ಕಿಂತ ಹೆಚ್ಚು ದೂರ ಓಡಲೇಬೇಕು ಎಂದು ಸರ್ಕಾರ ನಿಯಮ ಬಿಗಿ ಮಾಡಬೇಕು, ಅದಕ್ಕೆ ಜನರ ಸಹಿ ಕೂಡಿಸುತ್ತಿದ್ದೇವೆ ಎಂದಳು. ದೊಡ್ಡ ಗಾಡಿಗಳನ್ನು ಕಾರು ಎಂದು ಲೆಕ್ಕ ಹಿಡಿಯದೆ ಸಣ್ಣ ಲಾರಿ ಎಂದು ಹಿಡಿದು ರಿಯಾಯಿತಿ ಕೊಟ್ಟಿದ್ದಾರೆ ಎಂಬುದು ಅವಳ ಮುಖ್ಯ ದೂರು. ಕೈಯಲ್ಲಿ ಒಂದು ಕರಪತ್ರವಿತ್ತು. ಯಜಮಾನರು ಕನ್ನಡಕ ಏರಿಸಿ ಓದಿದರು. ಪೆನ್ನು ಕೇಳಿದರು.

“ಇಲ್ಲೊಂದು ತಪ್ಪದ. ಮೈಲೇಜ್ ಹೆಚ್ಚಾತು ಅಂದ್ರ ಕೊಳವಿ ಹೊಗಿ ಅಷ್ಟಕ್ಕಷ್ಟ ಇಳೀತದ ಅನ್ನೂಹಂಗಿಲ್ಲ. ಅದರ ಕಾಯ್ದೆ ಬ್ಯಾರೆ. ಆದ್ರ ಸುಡೂದು ಕಡಿಮಿ ಆದ್ರ ರಿಫೈನರಿಯೊಳಗ ಎಣ್ಣಿ ಕುದಸೂದೂ ಕಡಿಮಿ. ಬಂಕಿನ್ಯಾಗ ಆವಿ ಕಡಿಮಿ, ಟ್ಯಾಂಕರ್ ಕಡಿಮಿ, ಹ್ಯೂಸ್ಟನ್ನಿನ್ಯಾಗ ಚಿಮಣಿ ಕೆಲಸಾನೂ ಕಡಿಮಿ. ಇದನ್ನ ಬರೀ. ಇದಕ್ಕ ಯಾರೂ ಉತ್ತರ ಕೊಡಲಿಕ್ಕಾಗೂದಿಲ್ಲ.”

ಹುಡುಗಿಯ ಮುಖ ಅರಳಿತು. ಡಾಲಸ್‌ನಲ್ಲಿ ಅಧಿಕಾರಿಗಳು ಜನರ ಅಭಿಪ್ರಾಯ ಕೇಳುವ ಸಭೆ ಇದೆ, ಅಂಕಲ್ ಬಂದು ಎರಡು ನಿಮಿಷ ಇದನ್ನೇ ಹೇಳಿದರೆ ಸಾಕು, ರಿಫೈನರಿಯ ಎಂಜಿನಿಯರೂ ಹೌದು, ರೋಗಿಯೂ ಹೌದು, ಇಂಥವರು ನಮ್ಮಲ್ಲಿ ಇನ್ನೊಬ್ಬರಿಲ್ಲ ಎಂದಳು. ಸಹಿಯ ಹಾಳೆಯನ್ನು ಅವರ ಮುಂದೆ ಇಟ್ಟಳು.

ಅವರು ಪೆನ್ನಿನ ಮುಚ್ಚಳ ಹಾಕಿದರು. “ಆಂಟಿ ಹಾಕ್ತಾಳ. ನಂದು ಬ್ಯಾಡವ್ವ.”

ಅವಳು ಹೋದ ಮೇಲೆ ನಾನು ಬಿಡಲಿಲ್ಲ. ತಿದ್ದಿ ಕೊಟ್ಟವರಿಗೆ ಸಹಿ ಹಾಕಲು ಏನು ಕಷ್ಟ?

“ಉಂಡ ಮನಿ ಜಂತಿ ಎಣಸಬಾರದು” ಎಂದರು.

“ಯಾರ ಮನಿ ಉಂಡೀರಿ? ದುಡದೀರಿ, ಕೊಟ್ಟಾರ.”

“ನೀ ಮರತಿ. ನಾ ಮರತಿಲ್ಲ.”

ನಾನೂ ಮರೆತಿರಲಿಲ್ಲ. ಹ್ಯೂಸ್ಟನ್ನಿಗೆ ಬಂದ ಹೊಸದರಲ್ಲಿ, ಮಳೆಯಿಂದ ಬೀದಿಗಳೆಲ್ಲ ಹೊಳೆಯಾದ ದಿನ, ತಿಂಗಳು ತುಂಬುವ ಮೊದಲೇ ನನಗೆ ನೋವು ಶುರುವಾಗಿತ್ತು. ನಮ್ಮ ಪುಟ್ಟ ಕಾರು ನೀರಿನಲ್ಲಿ ಬಾಗಿಲಿನವರೆಗೆ ಮುಳುಗಿ ನಿಂತಿತ್ತು. ಇವರ ಮೇಲಧಿಕಾರಿ ಕಂಪನಿಯ ಎತ್ತರದ ಪಿಕಪ್ಪನ್ನು ತಾನೇ ನಡೆಸಿಕೊಂಡು ಬಂದ. ನೀರು ಸೀಳಿಕೊಂಡು ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದ. ಮಗಳು ಹುಟ್ಟಿದಳು. ಅಂಗೈಯಷ್ಟಿದ್ದ ಕೂಸನ್ನು ಆಸ್ಪತ್ರೆಯವರು ಉಳಿಸಿಕೊಂಡ ಅಷ್ಟೂ ದಿನ ಕಂಪನಿ ಇವರಿಗೆ ರಜೆ ಕೊಟ್ಟಿತು. ಈಗ ಇವರು ಎಳೆದುಕೊಳ್ಳುತ್ತಿದ್ದ ಇನ್ಹೇಲರ್ ಸಹ ಅದೇ ಕಂಪನಿಯ ವಿಮೆಯಿಂದ ಬರುತ್ತಿತ್ತು. ಅಂಥ ಕಂಪನಿಯ ವಿರುದ್ಧ ಸಭೆಯಲ್ಲಿ ನಿಂತು, ನಿಮ್ಮ ಪೆಟ್ರೋಲು ನನ್ನ ಎದೆ ತಿಂದಿತು ಎಂದು ಹೇಳುವುದು ಇವರಿಂದ ಆಗದ ಕೆಲಸ.

ನನಗೆ ಸಿಟ್ಟು ಬಂತು. ಋಣ ದೊಡ್ಡದೋ ಉಸಿರು ದೊಡ್ಡದೋ ಎಂದು ಕೇಳಿದೆ. ಅವರು ಕಿಟಕಿ ಕಡೆ ತಿರುಗಿದರು.

ಯುಗಾದಿಯ ಊಟಕ್ಕೆ ಡಾಲಸ್ ಸುತ್ತಲಿನ ಕನ್ನಡದವರೆಲ್ಲ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರಿದ್ದರು. ನಾನು ಹಾಳೆ ಹಿಡಿದು ಊಟದ ಸಾಲಿನ ಕೊನೆಯಲ್ಲಿ ನಿಂತೆ. ಮೊಸರನ್ನ ಬಡಿಸಿಕೊಂಡವರು ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಎಲ್ಲರೂ ನಗುನಗುತ್ತಲೇ ಸಹಿ ಹಾಕಿದರು. ಹಾಕಿದ್ದು ನನ್ನ ಮುಲಾಜಿಗೆ ಎನ್ನುವಂತಿಲ್ಲ. ಅರ್ಧಕ್ಕರ್ಧ ಮನೆಗಳಲ್ಲಿ ಒಂದಾದರೂ ಮಗುವಿನ ಶಾಲೆಯ ಚೀಲದಲ್ಲಿ ಇನ್ಹೇಲರ್ ಇತ್ತು.

“ಆಂಟಿ, ನನ್ನ ಸಹಿ ನೋಡಿ, ನನ್ನ ಗಾಡಿ ಮಾತ್ರ ನೋಡ್ಬೇಡಿ” ಎಂದ ಒಬ್ಬ ಮೈಸೂರಿನ ಎಂಜಿನಿಯರ್.

ಅವನ ಹೆಂಡತಿ, “ಅದು ಗಾಡಿ ಅಲ್ಲ ಆಂಟಿ, ಲಾರಿ. ಸರ್ಕಾರವೇ ಹೇಳಿದೆಯಲ್ಲ. ನಾನು ದಿನಾ ಆಫೀಸಿಗೆ ಲಾರಿಯಲ್ಲಿ ಹೋಗ್ತೀನಿ” ಎಂದಳು.

“ಏನು ಮಾಡೋದು, ಅತ್ತೆ ಮಾವ ಊರಿಂದ ಬಂದ್ರೆ ಏಳು ಜನ ಆಗ್ತೀವಿ.”

“ಅವರು ಬಂದು ಮೂರು ವರ್ಷ ಆಯ್ತು, ಸ್ವಾಮಿ. ಲಾರಿ ಖಾಲಿ ಓಡ್ತಿದೆ.”

ಸುತ್ತ ಇದ್ದವರು ನಕ್ಕರು. ಆಮೇಲೆ ಅವನೇ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, “ಅಂಕಲ್ ಸಹಿ ಎಲ್ಲಿ? ಮೊದಲು ಅವರದೇ ಇರ್ಬೇಕಿತ್ತಲ್ಲ” ಎಂದ. ಯಜಮಾನರು ಮೂಲೆಯ ಕುರ್ಚಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದರು. ಎಲ್ಲರೂ ಆ ಕಡೆ ನೋಡಿದರು. ಅವರು ಹೋಳಿಗೆಯ ಮೇಲಿನ ಕಣ್ಣು ಎತ್ತಲಿಲ್ಲ. ನಾನು, ಮುಂದಿನವರು ಬನ್ನಿ ಎಂದು ಸಾಲನ್ನು ಸರಿಸಿದೆ.

ಸಭೆಗೆ ನಾನು ಹೋಗುವುದೆಂದು ನಿಶ್ಚಯಿಸಿದೆ. ಅವರು ಬೇಡ ಎನ್ನಲಿಲ್ಲ. “ಹೋಗು. ನನ್ನ ಎದಿ ಸುದ್ದಿ ಮಾತ್ರ ಅಲ್ಲಿ ತೆಗೀಬ್ಯಾಡ” ಎಂದರು. ಮಾತು ಕೊಟ್ಟೆ. ಡಾಲಸ್ ಪೇಟೆಗೆ ನಾನು ಒಬ್ಬಳೇ ಡ್ರೈವ್ ಮಾಡುವುದು ಅವರಿಗೆ ಒಪ್ಪಿಗೆಯಿಲ್ಲ. ತಾವೇ ಕರೆದುಕೊಂಡು ಹೋಗಿ ಸಭೆಯ ಕೊನೆಯ ಸಾಲಿನಲ್ಲಿ ಕೂತರು.

ಮಾತಾಡಿದವರಲ್ಲಿ ಹೆಚ್ಚಿನವರು ನಮ್ಮ ಪರ. ಮಾಸ್ತರರು, ದಾದಿಯರು, ಚರ್ಚಿನವರು, ಒಬ್ಬ ದನ ಸಾಕುವವ. ಗಾಡಿ ಮಾರುವವನೊಬ್ಬ ಎದ್ದು, ಜನ ದೊಡ್ಡದನ್ನೇ ಕೇಳುತ್ತಾರೆ, ಬೇಡದ್ದನ್ನು ಹೇಗೆ ಮಾರಲಿ ಎಂದ. ಅವನ ಮಾತೂ ಸುಳ್ಳಲ್ಲ ಎನ್ನಿಸಿತು. ನನ್ನ ಸರದಿ ಬಂತು. ಸುಡುವುದು ಕಡಿಮೆಯಾದರೆ ಕುದಿಸುವುದೂ ಕಡಿಮೆ ಎಂಬುದನ್ನು ವಿವರಿಸಿದೆ. ನಮ್ಮವರ ಸಹಿಗಳನ್ನು ಮೇಜಿನ ಮೇಲಿಟ್ಟೆ. ಎಲ್ಲ ಅಚ್ಚುಕಟ್ಟಾಗಿತ್ತು, ಸಪ್ಪೆಯಾಗಿತ್ತು. ಅಧಿಕಾರಿಯೊಬ್ಬರು ಗೌರವದಿಂದಲೇ ಕೇಳಿದರು: “ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ?”

ನಾನು ತಿರುಗಿ ನೋಡಲಿಲ್ಲ. “ನಾನು ನನ್ನ ಮನೆಯ ವಿಷಯ ಹೇಳಲು ಬಂದಿಲ್ಲ” ಎಂದೆ. ಅವರು ತಲೆಯಾಡಿಸಿ, ಧನ್ಯವಾದ ಹೇಳಿ, ಮುಂದಿನ ಹೆಸರು ಕರೆದರು.

ಮನೆಗೆ ಹೊರಟಾಗ ಹೆದ್ದಾರಿ ತುಂಬಿಹೋಗಿತ್ತು. ಎಷ್ಟೋ ಹೊತ್ತು ಒಂದೇ ಕಡೆ ನಿಂತಿದ್ದೆವು. ಸುತ್ತಲಿನ ಗಾಡಿಗಳು ನಮಗಿಂತ ಎತ್ತರ. ಅವುಗಳ ನಡುವೆ ನಾವು ಬಾವಿಯೊಳಗೆ ಕೂತಂತೆ ಇತ್ತು. ಕಿಟಕಿ ಏರಿಸಿದ್ದರೂ ಅವರ ಉಸಿರಿನ ಸಿಳ್ಳು ಕೇಳುತ್ತಿತ್ತು.

“ಆತ ಕೇಳಿದಾಗ ಏಳಬೇಕಂತ ಮಾಡಿದ್ದೆ” ಎಂದರು ಅವರು. “ಕಾಲು ಏಳಲಿಲ್ಲ.”

ನಾನು ಚೀಲದಿಂದ ಇನ್ಹೇಲರ್ ತೆಗೆದು ಕೊಟ್ಟೆ. ಅವರು ಒಮ್ಮೆ ಎಳೆದುಕೊಂಡರು.

“ನಾ ಭಾಳ ವಿಚಾರ ಮಾಡೀನಿ. ಇದು ಜಂತಿ ಎಣಸೂದಲ್ಲ. ಉಂಡ ಮನ್ಯಾಗ ಹೊಗಿ ತುಂಬೇದ ಅಂತ ಹೇಳೂದು. ಹೇಳದ ಹೋದ್ರ ಅದು ಋಣ ತೀರಿಸಿದ್ಹಂಗ ಆಗೂದಿಲ್ಲ.”

“ಹಂಗಾದ್ರ ಹೇಳ್ರಿ.”

“ಹೇಳತೀನಿ. ಆ ಹುಡುಗಿಗೆ ಫೋನ್ ಹಚ್ಚು.”

ಮುಂದಿನ ಸಭೆ ಆಸ್ಟಿನ್‌ನಲ್ಲಿ ಎಂದು ಹುಡುಗಿ ಹೇಳಿದಳು. ಅವರ ಹೆಸರನ್ನು ಮಾತಾಡುವವರ ಸಾಲಿಗೆ ಸೇರಿಸಿದಳು. ಅವರು ಹೇಳಬೇಕಾದದ್ದನ್ನು ದಿನವೂ ಬೆಳಗಿನ ಕಾಫಿಯ ನಂತರ ನನ್ನೆದುರು ಹೇಳಿ ಅಭ್ಯಾಸ ಮಾಡತೊಡಗಿದರು. ಮೊದಲು ಕಂಪನಿಗೆ ಕೃತಜ್ಞತೆ, ಮಳೆಯ ದಿನದ ಆ ಪಿಕಪ್, ಆಮೇಲೆ ಎದೆ. ಎರಡು ನಿಮಿಷಕ್ಕೆ ಅವರ ಉಸಿರು ಸಾಲುತ್ತಿರಲಿಲ್ಲ. ನಾನು ಕೃತಜ್ಞತೆ ಬಿಡಿ ಎಂದೆ. ಒಪ್ಪಲಿಲ್ಲ. ಅಲ್ಪವಿರಾಮಗಳನ್ನು ಹೆಚ್ಚಿಸಿ, ಮಾತುಗಳನ್ನು ಕಡಿಮೆ ಮಾಡಿ, ಎದೆಯ ವಿಷಯವನ್ನು ಎರಡೇ ವಾಕ್ಯಕ್ಕೆ ಇಳಿಸಿಕೊಂಡರು. ನಾನು ಪ್ರಯಾಣದ ತಯಾರಿ ಮಾಡಿದೆ: ಟ್ರಾಫಿಕ್ ಏಳುವ ಮುಂಚೆ ಹೊರಡುವುದು, ನಡುದಾರಿಯಲ್ಲಿ ಒಮ್ಮೆ ವಿಶ್ರಾಂತಿ, ಔಷಧಿಯ ಚೀಲ, ಚಪಾತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ.

ಆ ವಾರ ಗಾಳಿ ಅಲುಗಲೇ ಇಲ್ಲ. ಸೋಮವಾರ ಕಿತ್ತಳೆ, ಮರುದಿನ ಕೆಂಪು, ಅದರ ಮರುದಿನವೂ ಕೆಂಪು. ನಾನು ಬಾಗಿಲು ಕಿಟಕಿ ಮುಚ್ಚಿ ಸಂದುಗಳಿಗೆ ಟವೆಲ್ ತುರುಕಿದೆ. ಅಷ್ಟಾದರೂ ತುಟಿ ನೀಲಿಗೆ ತಿರುಗಿತು. ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಅವರ ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ ಕಟ್ಟಿದರು. ಮಗಳು ಹಾಸಿಗೆಯ ಪಕ್ಕ ಬಾಗಿ, “ಅಪ್ಪಾ, ನಾನು ಆಸ್ಟಿನ್‌ಗೆ ಹೋಗ್ತೀನಿ. ನೀವು ಹೇಳೋದನ್ನೇ ಹೇಳ್ತೀನಿ. ಅಮ್ಮನಿಗೆ ಬಾಯಿಪಾಠ ಇದೆ” ಎಂದಳು. ಅವರು ಬೆರಳೆತ್ತಿ ಬೇಡವೆಂದರು. ಮುಖವಾಡವನ್ನು ಒಂದು ಕ್ಷಣ ಸರಿಸಿ, “ನಾನ ಹೇಳಬೇಕು” ಎಂದರು. ದಾದಿ ಗದರಿಸಿ ಮತ್ತೆ ಕಟ್ಟಿದಳು.

ಸಭೆಯ ದಿನ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಅವರಿಗೆ ಎಚ್ಚರವಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಆಸ್ಟಿನ್ನಿನ ಹುಡುಗಿ ಫೋನ್ ಮಾಡಿದಳು. ನಾವು ಬರುವುದಿಲ್ಲವೆಂದು ಮಗಳು ತಿಳಿಸಿದ್ದಳು, ಆದರೆ ಆ ಸುದ್ದಿ ಹೆಸರು ಕರೆಯುವವರಿಗೆ ತಲುಪಿರಲಿಲ್ಲವಂತೆ. ಜನ ತುಂಬಿದ್ದರಂತೆ. ಅವರ ಹೆಸರು ಕೂಗಿದರಂತೆ, ಉಚ್ಚಾರ ಸರಿಯಾಗದೆ ಇನ್ನೊಮ್ಮೆ ನಿಧಾನವಾಗಿ ಕೂಗಿದರಂತೆ. ಸ್ವಲ್ಪ ಕಾದು, ಮುಂದಿನವರನ್ನು ಕರೆದರಂತೆ.