ಗ್ಯಾಲರಿಯಿಂದ ಒಳಗೆ ಬಂದ ಬೀದಿದೀಪಗಳು

ಬೀದಿಯ ಕಂಬದಿಂದ ಇಳಿಸಿದ ನಾಲ್ಕು ಹಳೆಯ ಗ್ಯಾಸ್ ದೀಪಗಳು, ಮುಂಬಯಿಯ ಸಯನ್ನಿನ ಒಂದೇ ಖೋಲಿಯ ಮನೆಯಲ್ಲಿ ಯಾಕೆ ಬೇಕಿತ್ತು ಎಂದು ಈಗಲೂ ಕೇಳುವವರಿದ್ದಾರೆ. ಬೇಕಿತ್ತು, ಇಟ್ಟುಕೊಂಡೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಗಲ್ಲಿಯ ಮೂಲೆಯಲ್ಲಿದ್ದ ಗ್ಯಾಸ್ ಕಂಬ ಹೋಗಿ ಕರೆಂಟಿನ ಕಂಬ ಬಂದಾಗಿತ್ತು. ಒಂದು ಮಧ್ಯಾಹ್ನ ಗುಜರಿ ಕೊಳ್ಳುವ ಭಂಗಾರವಾಲಾನ ಕೈಗಾಡಿಯಲ್ಲಿ, ತೂತುಬಿದ್ದ ಬಾಲ್ದಿಗಳ ನಡುವೆ, ಆ ಹಳೆಯ ಕಂಬದ ದೀಪ ಕಂಡಿತು. ನಾಲ್ಕು ಕಡೆ ಗಾಜು, ಮೇಲೆ ತಾಮ್ರದ ಟೊಪ್ಪಿಗೆ. ಒಂದು ಗಾಜಿನ ಮೂಲೆಯ ಬಿರುಕಿನಿಂದ ಗುರುತು ಹಿಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಬೆಳಕು ನಮ್ಮ ಖೋಲಿಗಳ ಮುಂದಿನ ಗ್ಯಾಲರಿಯ ತನಕ ಬರುತ್ತಿತ್ತು, ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದೆ. ಭಂಗಾರವಾಲಾನಿಗೆ ಬೇಕಾದದ್ದು ತಾಮ್ರ ಮಾತ್ರ. ಗಾಜು ಒಡೆದು ಚೆಲ್ಲುವವನಿದ್ದ.

ನಮ್ಮ ಬಿಲ್ಡಿಂಗಿನ ಹೆಂಗಸರು ಭಾಂಡೀವಾಲಿಗೆ ಹಳೆಯ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ಪಡೆಯುತ್ತಿದ್ದರು. ಹಾಗೆ ನಾನು ಕೂಡಿಸಿದ್ದ ದೊಡ್ಡ ಡಬ್ಬಿಯೊಂದನ್ನು ಭಂಗಾರವಾಲಾನ ಗಾಡಿಯಲ್ಲಿಟ್ಟು ದೀಪ ಇಳಿಸಿಕೊಂಡೆ. ಪಕ್ಕದ ಖೋಲಿಯ ಧಾರವಾಡದ ಕಾಕು ಹಣೆ ಬಡಿದುಕೊಂಡರು.

"ಮಂದಿ ಅರಿವಿ ಕೊಟ್ಟು ಸ್ಟೀಲ್ ತರ್ತಾರ. ನೀ ಸ್ಟೀಲ್ ಕೊಟ್ಟು ತುಕ್ಕು ತಂದಿ. ಭಾಳ ಶಾಣ್ಯಾಕಿ ನೋಡವಾ!"

ಮುಂದೆ ಅಂಥದ್ದು ಸಿಕ್ಕಾಗಲೆಲ್ಲ ಭಂಗಾರವಾಲಾ ಕೆಳಗಿನಿಂದಲೇ ಕೂಗತೊಡಗಿದ. ಇನ್ನೆರಡು ಹಾಗೆ ಬಂದವು. ನಾಲ್ಕನೆಯದು ಮುಲುಂಡಿನಲ್ಲಿ, ಪರಿಚಯದವರ ಹಿತ್ತಲಲ್ಲಿ ಬಿದ್ದಿತ್ತು. ಚಾದರದಲ್ಲಿ ಸುತ್ತಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಎದುರಿಗಿದ್ದ ಮುದುಕಿ ಚಾದರದ ಅಂಚು ಎತ್ತಿ ನೋಡಿದಳು.

"ತೋತಾ ಕಿಧರ್ ಹೈ?"

ಗಿಳಿಯ ಪಂಜರ ಅಂದುಕೊಂಡಿದ್ದಳು. "ಉಡ್ ಗಯಾ," ಹಾರಿಹೋಯಿತು ಅಂದೆ. ಸಯನ್ ಬರುವ ತನಕ ಪಾಪ, ನನ್ನನ್ನು ಸಮಾಧಾನ ಮಾಡಿದಳು.

ಅಡಿಗೆ ಮುಗಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ತಿಕ್ಕುತ್ತಿದ್ದೆ. ತುಕ್ಕಿಗೆ ಸೀಮೆಎಣ್ಣೆ ಮತ್ತು ತೆಂಗಿನ ನಾರು, ತಾಮ್ರಕ್ಕೆ ಹುಣಸೆಹಣ್ಣು, ಗಾಜಿಗೆ ಒದ್ದೆ ಪೇಪರು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಹೊಸದು ಬಳಿಯಲಿಲ್ಲ. ಬಿರುಕಿನ ಗಾಜನ್ನೂ ಬದಲಿಸಲಿಲ್ಲ. ಅದು ಹೋದರೆ ದೀಪ ನಮ್ಮ ಗಲ್ಲಿಯದೆಂದು ಹೇಳುವುದು ಹೇಗೆ?

ಮನೆಯೊಳಗೆ ಜಾಗವಿಲ್ಲದೆ ನಾಲ್ಕನ್ನೂ ಗ್ಯಾಲರಿಯ ಗೋಡೆಗೆ ಸಾಲಾಗಿ ಇಟ್ಟಿದ್ದೆ. ಕೆಲವು ವರ್ಷ ಯಾರೂ ಮಾತಾಡಲಿಲ್ಲ. ಆಮೇಲೆ ಬಿಲ್ಡಿಂಗಿಗೆ ಸುಣ್ಣ ಬಳಿಸುವುದೆಂದು ಠರಾವಾಯಿತು. ಮೂರು ಬಾಗಿಲಾಚೆ ಇದ್ದ ಸೆಕ್ರೆಟರಿ ಬಂದು ನಿಂತರು.

"ವಹಿನಿ, ಗ್ಯಾಲರಿ ಸಬ್ ಕೀ ಹೈ. ರವಿವಾರ ಭಂಗಾರವಾಲಾ ಬರ್ತಾನೆ, ಇದನ್ನೆಲ್ಲ ಕೊಟ್ಟುಬಿಡಿ."

"ಇದು ಭಂಗಾರ ಅಲ್ಲ."

"ಮತ್ತೆ ಏನು?"

"ದೀಪ."

"ಹತ್ತುತ್ತದೇನು?"

"ನಿಮ್ಮ ಗೋಡೆಯ ಗಡಿಯಾರ ನಡೀತದೇನು?" ಅಂದೆ. ಅದು ನಿಂತು ಎಷ್ಟೋ ಕಾಲವಾಗಿತ್ತೆಂದು ಇಡೀ ಮಜಲಿಗೆ ಗೊತ್ತಿತ್ತು. ಅವರು ಮುಖ ಬಿಗಿದುಕೊಂಡು ಹೋದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಮೆತ್ತಗೆ ಅಂದರು, "ಕೊಟ್ಟಬಿಡ ಅತ್ಲಾಗ. ಮಂದಿ ಬಾಯಾಗ ಯಾಕ ಬೀಳ್ತಿ?"

"ಈಗಾಗಲೇ ಬಿದ್ದೀನಲ್ರೀ. ಇನ್ನ ಯಾಕ ಕೊಡ್ಲಿ?"

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಾಲ್ಕೂ ದೀಪಗಳಿಗೆ ಅರಿಷಿಣ ಕುಂಕುಮ, ಟೊಪ್ಪಿಗೆಯ ಮೇಲೆ ಒಂದೊಂದು ದಾಸವಾಳ. ಕಾಕು ತಮ್ಮ ಬಾಗಿಲಲ್ಲಿ ನಗುತ್ತ ನಿಂತಿದ್ದರು.

"ಈಗ ಯಾಂವ ಮುಟ್ತಾನ ನೋಡೂಣು!"

ಉಪಾಯ ಪಕ್ಕಾ ಇತ್ತು. ಕುಂಕುಮ ಹಚ್ಚಿದ್ದನ್ನು ಭಂಗಾರವಾಲಾನೂ ಮುಟ್ಟುತ್ತಿರಲಿಲ್ಲ, ಸೆಕ್ರೆಟರಿ ಕೈಮುಗಿದು ಹೋಗುತ್ತಿದ್ದರು. ನಾನು ಒದ್ದೆ ಬಟ್ಟೆ ತಂದು ಒರೆಸತೊಡಗಿದೆ.

"ಏ, ಹುಚ್ಚೀ! ಏನ್ ಮಾಡ್ಲಿಕತ್ತಿ?"

"ಕಾಕೂ, ಇವು ದೇವರಲ್ಲ. ಬೀದಿದೀಪ."

"ದೇವರು ಅಂದ್ರ ಉಳೀತಾವಲ್ಲ!"

"ದೇವರು ಉಳೀತಾನ್ರೀ. ಬೀದಿದೀಪ ಎಲ್ಲಿ ಉಳೀತು? ನಾಳೆ ಮಂದಿ ಬಂದು ಎಣ್ಣಿ ಹೊಯ್ದು ಹೋಗ್ತಾರ. ಯಾವ ಗಲ್ಲಿದು ಅಂತ ಯಾರ್ ಕೇಳ್ತಾರ?"

ಕಾಕು ಬಾಗಿಲು ಹಾಕಿಕೊಂಡರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದರು, ಗೊತ್ತು. ಆದರೆ ಅವು ಇದ್ದ ಹಾಗೇ ಉಳಿಯಬೇಕಿತ್ತು, ಇನ್ನೇನೋ ಆಗಿ ಅಲ್ಲ.

ಗ್ಯಾಲರಿ ಎಲ್ಲರದು ಅನ್ನುವ ಮಾತು ಖರೆ, ಅದಕ್ಕೆ ನನ್ನ ತಕರಾರಿಲ್ಲ. ಖೋಲಿಯ ತೊಲೆಗಳಲ್ಲಿ ಗಟ್ಟಿ ಕೊಕ್ಕೆಗಳಿದ್ದವು. ಅರಿವೆ ಒಣಹಾಕುವ ಬಿದಿರಿನ ಗಳಗಳು ಅವುಗಳಲ್ಲಿ ತೂಗುತ್ತಿದ್ದವು. ಗಳಗಳನ್ನು ಇಳಿಸಿದೆ. ನಮ್ಮ ಮನೆಯವರು ಗೊಣಗುತ್ತಲೇ ಸ್ಟೂಲು ಹತ್ತಿ, ದಪ್ಪ ತಂತಿಯಿಂದ ದೀಪಗಳನ್ನು ಒಂದೊಂದಾಗಿ ಕಟ್ಟಿದರು.

ರವಿವಾರ ಸೆಕ್ರೆಟರಿ ಭಂಗಾರವಾಲಾನನ್ನು ಕರೆದುಕೊಂಡು ಬಂದಾಗ ಗ್ಯಾಲರಿಯ ಗೋಡೆ ಖಾಲಿ. ಆದರೆ ನಮ್ಮ ಬಾಗಿಲ ಮುಂದಿನ ತಂತಿಯ ತುಂಬ ನನ್ನ ಒದ್ದೆ ಸೀರೆಗಳು, ಚಾದರಗಳು. ಅಲ್ಲಿ ಅಷ್ಟು ದಿನ ಒಣಗುತ್ತಿದ್ದ ಸೆಕ್ರೆಟರಿಯವರ ಧೋತರಗಳನ್ನು ಮಡಚಿ ಅವರ ಹೊಸ್ತಿಲ ಮೇಲಿಟ್ಟಿದ್ದೆ.

"ಇದೇನು ವಹಿನಿ?"

"ಗ್ಯಾಲರಿ ಸಬ್ ಕೀ ಹೈ ನಾ ಭಾವೂಜಿ? ನಮ್ಮದೂ ಹೌದು. ಒಳಗೆ ಜಾಗ ಇಲ್ಲ, ನೋಡಿ."

ಇಣುಕಿ ನೋಡಿದರು. ತಲೆಯ ಮೇಲೆ ನಾಲ್ಕು ಬೀದಿದೀಪ, ಕೆಳಗೆ ಚಾಪೆಯ ಮೇಲೆ ನಮ್ಮ ಮನೆಯವರು ಪೇಪರು ಓದುತ್ತ ಕೂತಿದ್ದರು, ಕತ್ತು ಎತ್ತಲಿಲ್ಲ. ಭಂಗಾರವಾಲಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸೆಕ್ರೆಟರಿ ಹೋಗಿ ಹೊಸ್ತಿಲ ಮೇಲಿನ ಧೋತರಗಳನ್ನು ಎತ್ತಿಕೊಂಡರು.

ಅವತ್ತು ಸಂಜೆ ಚಹಾ ತಗೊಳ್ಳಲು ಎದ್ದ ನಮ್ಮ ಮನೆಯವರ ಹಣೆಗೆ ದೀಪದ ಅಂಚು ಟಣ್ ಎಂದು ಬಡಿಯಿತು.

"ಇನ್ನ ದಿನಾ ಇದಽ ಏನು?" ಹಣೆ ತಿಕ್ಕಿಕೊಳ್ಳುತ್ತ ಕೇಳಿದರು.

"ದಿನಾ," ಅಂದೆ. "ಬಗ್ಗಿ ನಡೀರಿ."